ಅವ್ವ ಸಹಿ ಕಲಿತದ್ದು ಯಾವಾಗ?

ತಲಾಟಿ ಒಮ್ಮೆ ಕಾಗದ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ನಿಮ್ಮವ್ವಾರು ಸಹಿ ಮಾಡೂದು ಯಾವಾಗ ಕಲ್ತ್ರು?"

ನಾನು ಬಾಯಿ ಬಿಡಲಿಲ್ಲ. ಅವ್ವ ಇವತ್ತಿಗೂ ಹೆಬ್ಬೆಟ್ಟು ಒತ್ತುವವಳು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು, ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು. ವಿಧವಾ ವೇತನದ ಅರ್ಜಿಗೆ ಅವಳು ಹೆಬ್ಬೆಟ್ಟು ಒತ್ತಿದ್ದು ಇದೇ ತಲಾಟಿಯ ಮೇಜಿನ ಮೇಲೆ, ತಿಂಗಳ ಹಿಂದೆ. ಅವರ ಕೈಯಲ್ಲಿದ್ದ ಅಫಿಡವಿಟ್‌ನ ಕೆಳಗೆ ಮಾತ್ರ ದುಂಡಗೆ, ಚೆಂದಗೆ, ಅವ್ವನ ಹೆಸರಿನ ಸಹಿ ಇತ್ತು. ಹಾಕಿದವನು ನಾನೇ.

ಪಕ್ಕದಲ್ಲೇ ನೋಟರಿಯ ಗುಂಡನೆಯ ಸೀಲು. "ನನ್ನ ಎದುರಿಗೆ ಪ್ರಮಾಣ ಮಾಡಿ ಸಹಿ ಮಾಡಿದ್ದಾರೆ" ಎಂಬ ಒಕ್ಕಣೆ. ಆ ನೋಟರಿಯ ಮುಖ ಅವ್ವ ನೋಡಿಲ್ಲ. ನಿಜ ಹೇಳಬೇಕೆಂದರೆ ನಾನೂ ನೋಡಿಲ್ಲ.

ತಲಾಟಿ ಒಳ್ಳೆಯ ಮನುಷ್ಯ. ಬೈಯಲಿಲ್ಲ. "ಇದನ್ನ ಫೈಲಿಗೆ ಹಚ್ಚಿದ್ರ ನಿಮಗೂ ತ್ರಾಸು, ನನಗೂ ತ್ರಾಸು. ಮನಿಗೆ ಒಯ್ರಿ. ಅವ್ವಾರನ್ನ ಕರ್ಕೊಂಡು ಹೋಗಿ ಬ್ಯಾರೆ ಮಾಡಿಸ್ಕೊಂಡು ಬರ್ರಿ," ಎಂದು ಕಾಗದವನ್ನು ಮಡಚಿ ಕೈಗೆ ಕೊಟ್ಟರು. ಈಗ ಅವರ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು. ನಮ್ಮ ಕಡೆ ಬಾಯಿಗೆ ಬರುವುದು ತಲಾಟಿ ಅಂತಲೇ.

ಇದರ ಹಿಂದಿನ ಕಥೆ ಸಣ್ಣದು. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಬೀಳಗಿ ತಾಲೂಕಿನಲ್ಲಿ ನಮಗೆ ಇರುವುದು ಸ್ವಲ್ಪ ಹೊಲ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇನ್ನೂ ಅಪ್ಪನ ಹೆಸರೇ ಇತ್ತು. ವಾರಸಾ ಮಾಡಿಸಬೇಕು, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಹಚ್ಚಿಸಬೇಕು. ಅದಕ್ಕೆ ವಂಶಾವಳಿ ಬೇಕು, ವಂಶಾವಳಿಗೆ ಅಫಿಡವಿಟ್ ಬೇಕು. ಜೊತೆಗೆ ಅವ್ವನ ಹೆಸರಿನ ಗೊಂದಲ ಬೇರೆ. ಅವಳ ನಿಜವಾದ ಹೆಸರು ಇಲ್ಲಿ ಬೇಡ, ಸುಮ್ನೆ ಗಂಗವ್ವ ಅಂತ ಇಟ್ಟುಕೊಳ್ಳಿ. ರೇಷನ್ ಕಾರ್ಡಿನಲ್ಲಿ ಗಂಗವ್ವ. ಆಧಾರಿನಲ್ಲಿ ಗಂಗಮ್ಮ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಗಾಬಾಯಿ. ಮೂವರೂ ಒಬ್ಬಳೇ ಎಂದು ಯಾರಾದರೂ ಪ್ರಮಾಣ ಮಾಡಿ ಹೇಳಬೇಕು. ಹೇಳಬೇಕಾದವಳು ಅವಳೇ.

ಊರಿನ ವಿಳಾಸವೂ ಹಾಗೇ. ನಮ್ಮದು ಮುಳುಗಡೆ ಊರು. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಹೋಯಿತು, ಈಗ ಇರುವುದು ಪುನರ್ವಸತಿ ಕೇಂದ್ರದಲ್ಲಿ. ಅಪ್ಪನ ಹಳೇ ಕಾಗದಗಳಲ್ಲಿ "ಜಿಲ್ಲಾ ಬಿಜಾಪುರ" ಅಂತ ಇದೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2014ರ ನವೆಂಬರ್ 1ರಿಂದ ಬಿಜಾಪುರ ಹೋಗಿ ವಿಜಯಪುರವಾಯಿತು. ಜಿಲ್ಲೆ ಬದಲಾಯಿತು, ಊರು ಎದ್ದು ಬೇರೆ ಕಡೆ ಕೂತಿತು. ಕಾಗದಗಳು ಮಾತ್ರ ಎಲ್ಲಿದ್ದವೋ ಅಲ್ಲೇ ಉಳಿದವು.

ಇದರಲ್ಲಿ ನಾಚಿಕೆಯ ಸಂಗತಿ ಇನ್ನೊಂದಿದೆ. ನಾನು ಬಾಗಲಕೋಟೆಯ ನವನಗರದ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತ. ಮಕ್ಕಳ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇದ್ದರೆ, "ಅಫಿಡವಿಟ್ ಮಾಡಿಸ್ಕೊಂಡು ಬರ್ರಿ" ಎಂದು ತಂದೆ ತಾಯಂದಿರನ್ನು ವಾಪಸ್ ಕಳಿಸುವವನೇ ನಾನು. ವರ್ಷಗಟ್ಟಲೆ ಹೇಳಿದ್ದೇನೆ. ಅವರು ಎಲ್ಲಿಗೆ ಹೋಗುತ್ತಾರೆ, ಯಾರ ಹತ್ತಿರ ಮಾಡಿಸುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಸೀಲು ಇದೆಯಾ, ಇದೆ. ಮುಗೀತು.

ಅದೇ ಧೋರಣೆಯಲ್ಲಿ ನನ್ನ ಕೆಲಸಕ್ಕೂ ಹೋಗಿದ್ದೆ. ಕೋರ್ಟಿನ ಹತ್ತಿರ ಬೈಕು ನಿಲ್ಲಿಸುತ್ತಿದ್ದ ಹಾಗೇ ಒಬ್ಬ ಬಂದ. "ಅಫಿಡವಿಟ್ ಏನ್ರಿ ಸರ? ಹತ್ತು ಮಿನಿಟು." ಬೇವಿನ ಮರದ ಕೆಳಗೆ ಒಂದು ಟೇಬಲ್ಲು, ಒಂದು ಲ್ಯಾಪ್‌ಟಾಪು, ಒಂದು ಪ್ರಿಂಟರು. ಆಧಾರ್ ಝೆರಾಕ್ಸ್ ಕೊಟ್ಟೆ. ಮೊದಲೇ ಇದ್ದ ಒಂದು ನಮೂನೆ ತೆಗೆದು ಹೆಸರು ಬದಲಿಸಿದ. "ಅವ್ವಾರು ಬಂದಿಲ್ರಿ" ಅಂದೆ. "ಏನೂ ಆಗಂಗಿಲ್ಲ, ನೀವ ಅವರ ಹೆಸರು ಬರದು ಸಹಿ ಹಾಕ್ರಿ" ಅಂದ. ಹಾಕಿದೆ. ಕಾಗದ ಒಯ್ದ, ಚಹಾ ಮುಗಿಯುವಷ್ಟರಲ್ಲಿ ಸೀಲು ಹಾಕಿಸಿಕೊಂಡು ಬಂದ. ಐನೂರು ರೂಪಾಯಿ ಕೊಟ್ಟೆ. ಎಷ್ಟು ಸಲೀಸು ಅಂತ ಮನಸ್ಸಿನಲ್ಲಿ ಖುಷಿಯೂ ಆಯಿತು. ರಸೀದಿ ಕೇಳಬೇಕು ಅಂತ ಹೊಳೆಯಲೇ ಇಲ್ಲ.

ತಲಾಟಿ ವಾಪಸ್ ಕೊಟ್ಟ ಕಾಗದವನ್ನು ಅವತ್ತು ರಾತ್ರಿ ಮನೆಯಲ್ಲಿ ಬಿಡಿಸಿ, ಮೊದಲ ಸಲ ಪೂರ್ತಿ ಓದಿದೆ. ಸಹಿ ಒಂದೇ ಅಲ್ಲ. ಅವ್ವನ ವಯಸ್ಸು 45 ಅಂತ ಇತ್ತು. ನನಗೇ ಈಗ 41. ಇ-ಸ್ಟಾಂಪಿನ ಮೇಲೆ ದಸ್ತಾವೇಜಿನ ವಿವರ ಅಂತ ಒಂದು ಸಾಲು ಇರುತ್ತದಲ್ಲ, ಅಲ್ಲಿ ಅಫಿಡವಿಟ್ ಅಂತ ಇರಬೇಕಾದ ಕಡೆ ಅಗ್ರಿಮೆಂಟ್ ಅಂತ ಇತ್ತು. ಯಾರಿಗೋ ತೆಗೆದಿಟ್ಟ ಬಾಂಡು ನನಗೆ ದಾಟಿಸಿದ್ದ. ಮೊದಲ ಪಕ್ಷಗಾರರ ಹೆಸರೂ ನಮ್ಮದಲ್ಲ.

ಆಮೇಲೆ ಒಂದು ವಾರ, ಶಾಲೆ ಮುಗಿದ ಮೇಲೆ, ಇದೇ ಕೆಲಸ. ಪರಿಚಯದ ಒಬ್ಬ ವಕೀಲರ ಗುಮಾಸ್ತನ ಹತ್ತಿರ ಕೂತು ಕೇಳಿದೆ. ಅವನೂ ಗುಮಾಸ್ತ, ನಾನೂ ಗುಮಾಸ್ತ, ಮಾತು ಹೊಂದುತ್ತದೆ.

ಅವನು ಹೇಳಿದ ಮೊದಲ ಮಾತೇ ನನಗೆ ಹೊಸದು. ನೋಟರಿ ಸೀಲು ಹಾಕಿದ ಮಾತ್ರಕ್ಕೆ ಒಳಗೆ ಬರೆದಿದ್ದೆಲ್ಲ ಸತ್ಯ ಅಂತ ಅರ್ಥ ಅಲ್ಲ. ಇಂಥ ಮನುಷ್ಯ, ಇಂಥ ದಿನ, ನನ್ನ ಎದುರಿಗೆ ಬಂದ. ಇವನೇ ಅವನು ಅಂತ ಗುರುತು ಹಿಡಿದೆ. ಪ್ರಮಾಣ ಮಾಡಿ ಸಹಿ ಹಾಕಿದ. ನೋಟರಿ ಹೇಳುವುದು ಇಷ್ಟೇ. ಸುಳ್ಳು ಬರೆಸಿದರೆ ಅದರ ಪಾಪ ಬರೆಸಿದವನದು. ಆದರೆ ಎದುರಿಗೆ ಬರದವನನ್ನು ಬಂದ ಅಂತ ಬರೆದರೆ? ಆಗ ನೋಟರಿ ಹೇಳಬೇಕಾದ ಆ ಒಂದೇ ಮಾತೂ ಸುಳ್ಳಾಯಿತಲ್ಲ. ನನ್ನ ಐನೂರು ರೂಪಾಯಿಗೆ ನಾನು ಕೊಂಡದ್ದು ಅದನ್ನೇ.

ನೋಟರಿ ಆಗುವುದು ಅಷ್ಟು ಸುಲಭ ಅಲ್ಲ ಅಂತಲೂ ಅವನಿಂದಲೇ ಗೊತ್ತಾಯಿತು. ಇದಕ್ಕೆ 1952ರ ನೋಟರಿ ಕಾಯ್ದೆ ಇದೆ, 1956ರ ನಿಯಮಗಳಿವೆ. ಕನಿಷ್ಠ 10 ವರ್ಷ ವಕೀಲಿ ಮಾಡಿರಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ನೇಮಿಸುವುದು ಕೇಂದ್ರ ಸರ್ಕಾರ ಇಲ್ಲವೇ ರಾಜ್ಯ ಸರ್ಕಾರ. ನಮ್ಮಂಥವರ ಕೆಲಸಕ್ಕೆ ಯಾರಾದರೂ ನಡೆಯುತ್ತದೆ. ಸರ್ಟಿಫಿಕೇಟು 5 ವರ್ಷದ್ದು, ಆಮೇಲೆ ನವೀಕರಣ ಮಾಡಿಸಬೇಕು. "ಅವರು ಇನ್ನೂ ಚಾಲೂ ಅದಾರೋ ಇಲ್ಲೋ ಅಂತ ಯಾರೂ ಕೇಳಂಗಿಲ್ಲ ನೋಡ್ರಿ" ಎಂದ ಗುಮಾಸ್ತ. ಕೇಳುವುದು ಹೇಗೆ ಮಾರಾಯ? ನಮ್ಮ ಕಡೆ ಕಪ್ಪು ಕೋಟಿನವರಿಗೆ ಪ್ರಶ್ನೆ ಹಾಕುವ ರೂಢಿಯೇ ಇಲ್ಲ.

ಅದಕ್ಕೂ ದಾರಿ ಹೇಳಿಕೊಟ್ಟ. ಕೇಳಬೇಡಿ, ಸೀಲು ಓದಿ ಅಂದ. ನಿಯಮದ ಪ್ರಕಾರ ನೋಟರಿಯ ಸೀಲು ಗುಂಡಗೆ, 5 ಸೆಂಟಿಮೀಟರ್ ಅಗಲ ಇರಬೇಕು. ಅದರಲ್ಲಿ ನೋಟರಿಯ ಹೆಸರು, ಅವರಿಗೆ ಕೊಟ್ಟ ಕ್ಷೇತ್ರ, ನೋಂದಣಿ ಸಂಖ್ಯೆ, ನೇಮಿಸಿದ ಸರ್ಕಾರ, ಎಲ್ಲಾ ಇರಬೇಕು. ಮನೆಗೆ ಬಂದು ನನ್ನ ಐನೂರು ರೂಪಾಯಿ ಕಾಗದದ ಸೀಲು ನೋಡಿದೆ. ಮಸಿ ಕಲೆಸಿಹೋಗಿ, ನೋಟರಿ ಎಂಬ ಶಬ್ದ ಬಿಟ್ಟರೆ ಒಂದಕ್ಷರ ಓದಲು ಬರಲಿಲ್ಲ. ಬೇಕಂತಲೇ ಹಾಗೆ ಒತ್ತಿದ್ದರೋ ಮಸಿಯೇ ಹಾಗಿತ್ತೋ, ದೇವರಿಗೇ ಗೊತ್ತು.

ಮೂರು ಕಡೆ ಹೋಗಿ ಬಂದೆ. ಹುಡುಗಿ ನೋಡಲು ಹೋದ ಹಾಗೆ ಅಂತ ಹೆಂಡತಿ ನಕ್ಕಳು.

ಮೊದಲನೆಯವರು ಹಳೇ ಬಾಗಲಕೋಟೆಯವರು, ವಯಸ್ಸಾದವರು. ಜನ ಅವರನ್ನು ಬಹಳ ಹೊಗಳುತ್ತಾರೆ. ಹೊಗಳಿಕೆಗೆ ತಕ್ಕ ಹಾಗೇ ಇದ್ದರು. ಆದರೆ ಅವರು ಕೂರುವುದು ಮಹಡಿಯ ಮೇಲೆ. ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಮೊಣಕಾಲು ನೋವಿನ ಅವ್ವನನ್ನು ಅಲ್ಲಿಗೆ ಹತ್ತಿಸುವುದು ಆಗದ ಮಾತು. ಎರಡನೆಯವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಷ್ಟಾಗುತ್ತದೆ ಅಂತ ಕೇಳಿದ್ದಕ್ಕೆ, "ಕೆಲಸ ನೋಡಿ ಹೇಳ್ತೀನಿ" ಅಂದರು. ಇದೇನು ಕುದುರೆ ವ್ಯಾಪಾರವೇ? ನೋಟರಿ ತೆಗೆದುಕೊಳ್ಳಬೇಕಾದ ಶುಲ್ಕ ನಿಯಮದಲ್ಲೇ ಬರೆದಿದೆ. ಅದನ್ನು ಕಚೇರಿಯಲ್ಲಿ ಕಾಣುವ ಹಾಗೆ ತೂಗುಹಾಕಬೇಕು ಅಂತಲೂ ಇದೆ. ಅಲ್ಲಿ ತೂಗುಹಾಕಿದ್ದು ಬನಶಂಕರಿ ಕ್ಯಾಲೆಂಡರ್ ಒಂದೇ.

ಮೂರನೆಯವರು ನವನಗರದ ಒಬ್ಬ ಮೇಡಂ. ನೆಲಮಹಡಿಯ ಸಣ್ಣ ಕೋಣೆ. ಬಾಗಿಲ ಮೇಲೆ ಹೆಸರು, ನೋಂದಣಿ ಸಂಖ್ಯೆ. ಗೋಡೆಯ ಮೇಲೆ ಶುಲ್ಕದ ಪಟ್ಟಿ, ಬಿಸಿಲಿಗೆ ಬಣ್ಣ ಹೋಗಿದೆ, ಆದರೂ ಓದಲು ಬರುತ್ತದೆ. ಮೇಜಿನ ಮೇಲೆ ದಪ್ಪ ರಿಜಿಸ್ಟರ್ ತೆರೆದಿತ್ತು. ನಾನು ಒಳಗೆ ಹೋದಾಗ ಒಬ್ಬ ಅಜ್ಜ ಅದರಲ್ಲಿ ಸಹಿ ಹಾಕುತ್ತಿದ್ದ. ಅಜ್ಜನ ಕೈ ನಡುಗುತ್ತಿತ್ತು. ಅಷ್ಟೂ ಹೊತ್ತು ಮೇಡಂ ಸುಮ್ಮನೆ ಕಾದರು, ಫೋನ್ ಬಂದರೂ ಎತ್ತಲಿಲ್ಲ.

ನನ್ನ ಕಥೆ ಹೇಳಿದೆ. ಸಹಿಯ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಅವರು ಆ ಹಳೇ ಕಾಗದ ಇಸಿದುಕೊಂಡು ನೋಡಿ, "ಇದು ನಿಮ್ಮವ್ವಾರ ಹೆಸರಿನ ಖೊಟ್ಟಿ ಸಹಿ. ಗೊತ್ತೈತಿಲ್ರಿ?" ಅಂದರು. ಖೊಟ್ಟಿ ಸಹಿ. ಆ ಶಬ್ದ ಕೇಳಿದಾಗ ಕಿವಿ ಬಿಸಿಯಾಯಿತು. ಅವ್ವನ ಕೆಲಸಕ್ಕೆ ಮಗ ಸಹಿ ಹಾಕಿದೆ, ಅದರಲ್ಲೇನು ಅಂತ ನಾನು ನನಗೇ ಹೇಳಿಕೊಂಡಿದ್ದೆ. "ಎಲ್ಲೂ ಕೊಡಬ್ಯಾಡ್ರಿ ಇದನ್ನ. ಅವ್ವಾರನ್ನ ಕರ್ಕೊಂಡು ಬರ್ರಿ. ಅಸಲ ಆಧಾರ ಕಾರ್ಡ್, ರೇಷನ್ ಕಾರ್ಡ್, ಪಾಸ್‌ಬುಕ್, ನಿಮ್ಮ ತಂದೀ ಮರಣ ದಾಖಲೆ, ಎಲ್ಲಾ ಅಸಲ ತರ್ರಿ. ಝೆರಾಕ್ಸ್ ಮ್ಯಾಲೆ ನಾ ಮಾಡಂಗಿಲ್ಲ."

ನಾನು ಒಂದು ಪ್ರಯತ್ನ ಮಾಡಿದೆ. "ಮೇಡಮ್ಮಾರ, ಅವ್ವಗ ಮೊಣಕಾಲು ನೋವು. ನೀವ ಊರಿಗೆ ಬಂದ್ರ? ಗಾಡಿ ನಾ ತರ್ತೀನಿ."

ಅವರು ಸೀಲನ್ನು ತಿರುಗಿಸಿ ತೋರಿಸಿದರು. "ಇಲ್ಲಿ ನೋಡ್ರಿ, ಬಾಗಲಕೋಟಿ ತಾಲೂಕು ಅಂತ ಐತಿ. ನಿಮ್ಮೂರು ಬೀಳಗಿ ತಾಲೂಕು. ಅಲ್ಲಿಗೆ ಬಂದು ಸೀಲ್ ಹಾಕಾಕ ನನಗ ಅಧಿಕಾರ ಇಲ್ಲ. ನವನಗರದಾಗ ನಿಮ್ಮ ಮನಿಯೊಳಗ ಅವ್ವಾರು ಇದ್ರ ಹೇಳ್ರಿ, ಬರ್ತೀನಿ." ಸೀಲಿನ ಮೇಲೆ ಕ್ಷೇತ್ರದ ಹೆಸರು ಯಾಕೆ ಇರುತ್ತದೆ ಅಂತ ಆಗ ತಲೆಗೆ ಹೋಯಿತು. ಹೇಗೂ ಅವ್ವನನ್ನು ಕರೆಸಿಯೇ ಕರೆಸಬೇಕು, ಹಾಗಿದ್ದರೆ ಕಚೇರಿಗೇ ಬರಲಿ ಅಂತ ತೀರ್ಮಾನ ಮಾಡಿದೆವು.

ಸ್ಟಾಂಪ್ ನಾನೇ ತರಬೇಕು ಅಂದರು. ಅದೂ ಅವ್ವನ ಹೆಸರಿನಲ್ಲಿ, ಅಫಿಡವಿಟ್ ಎಂದು ಹೇಳಿಯೇ ತೆಗೆಸಬೇಕು. ನಮ್ಮಲ್ಲಿ ಜನ ಇದಕ್ಕೆ ಈಗಲೂ ಬಾಂಡ್ ಅಂತಾರೆ. ಹಳೇ ಛಾಪಾ ಕಾಗದ ಹೋಗಿ ಎಷ್ಟೋ ವರ್ಷವಾಯಿತು. ಅದು ಹೋಗಲು ದೊಡ್ಡ ಕಾರಣ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯವನೇ. ಖಾನಾಪುರದ ಅಬ್ದುಲ್ ಕರೀಂ ತೆಲಗಿ. ಅವನ ನಕಲಿ ಛಾಪಾ ಕಾಗದದ ಹಗರಣ ದೇಶಕ್ಕೆಲ್ಲ ಗೊತ್ತು. 2017ರಲ್ಲಿ ಸತ್ತ. ನಾನು ಹೋದಾಗ ಪತ್ತಿನ ಸಹಕಾರಿ ಸಂಘಗಳಲ್ಲಿ ಇ-ಸ್ಟಾಂಪ್ ಸಿಗುತ್ತಿತ್ತು. ಅಫಿಡವಿಟ್‌ಗೆ ಮೊದಲು 20 ರೂಪಾಯಿಯದು ನಡೆಯುತ್ತಿತ್ತು, 2024ರಿಂದ 100 ರೂಪಾಯಿ. ಸಂಘದ ಕೌಂಟರಿನ ಹುಡುಗಿ ಟೈಪ್ ಮಾಡಿ, ಪರದೆ ನನ್ನ ಕಡೆ ತಿರುಗಿಸಿ, "ಹೆಸರು ಬರೋಬ್ಬರಿ ಐತೇನ್ರಿ ನೋಡ್ರಿ" ಅಂದಳು. ನೋಡಿದೆ. ಆರ್ಟಿಕಲ್ 4, ಅಫಿಡವಿಟ್. ಅವ್ವನ ಹೆಸರು ಆಧಾರಿನಲ್ಲಿ ಇದ್ದ ಹಾಗೆ. ಮನೆಗೆ ಬಂದು ಅದರ ಮೇಲಿನ ಸಂಖ್ಯೆಯನ್ನು ಇ-ಸ್ಟಾಂಪ್ ನೋಡಿಕೊಳ್ಳುತ್ತಿದ್ದ ಸ್ಟಾಕ್ ಹೋಲ್ಡಿಂಗ್ ಕಂಪನಿಯ ಜಾಲತಾಣದಲ್ಲಿ ಹಾಕಿಯೂ ನೋಡಿದೆ. ಒಮ್ಮೆ ಸುಟ್ಟುಕೊಂಡವನು, ಮಜ್ಜಿಗೆಯನ್ನೂ ಊದಿ ಕುಡಿದೆ ಅನ್ನಿ.

ಅವ್ವ ಬಂದದ್ದು ಒಂದು ಶನಿವಾರ, ಬೆಳಗಿನ ಬಸ್ಸಿಗೆ. ಹಸಿರು ಇಳಕಲ್ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಎಲ್ಲಾ ಅಸಲು ದಾಖಲೆಗಳು, ಅವುಗಳ ಮೇಲೆ ನಾಲ್ಕು ರೊಟ್ಟಿಯ ಗಂಟು. ಬಸ್ಸಿನಲ್ಲಿ ಆಧಾರ್ ತೋರಿಸಿ ಬಿಟ್ಟಿ ಟಿಕೀಟಿನಲ್ಲಿ ಬಂದಿದ್ದಳು. "ಕಂಡಕ್ಟರ್ ಏನೂ ಕೇಳಲಿಲ್ಲಪಾ, ಗಂಗವ್ವ ಹೌದೋ ಗಂಗಮ್ಮ ಹೌದೋ ಅಂತ" ಅಂದಳು. ಬಸ್ ಸ್ಟ್ಯಾಂಡಿನಲ್ಲೇ ಚಹಾ ಕುಡಿಸಿ ಕರೆದುಕೊಂಡು ಹೋದೆ.

ಮೇಡಂ ಮೊದಲು ಮಾಡಿದ ಕೆಲಸ ನನ್ನನ್ನು ಆಚೆ ಬೆಂಚಿನ ಮೇಲೆ ಕೂರಿಸಿದ್ದು. ಅವ್ವನನ್ನು ತಮ್ಮ ಎದುರಿಗೆ ಕೂರಿಸಿಕೊಂಡರು. "ಏನವ್ವಾ, ಯಾಕ ಬಂದೀರಿ ಇಲ್ಲಿಗೆ?" ಅವ್ವ ನನ್ನ ಕಡೆ ತಿರುಗಿದಳು. "ಮಗನ್ನ ನೋಡಬ್ಯಾಡ್ರಿ, ನೀವ ಹೇಳ್ರಿ." ಅವ್ವ ಹೇಳಿದಳು. ಗಂಡ ಹೋದ, ಹೊಲ ಹೆಸರಿಗೆ ಹಚ್ಚಬೇಕು, ಕಾಗದ ಮಾಡಿಸಬೇಕು. ಆಧಾರಿನ ಫೋಟೋ ನೋಡಿದರು, ಮುಖ ನೋಡಿದರು. ಮೂರು ಹೆಸರನ್ನೂ ಅವಳ ಬಾಯಿಂದಲೇ ಹೇಳಿಸಿದರು. ಗಂಗಾಬಾಯಿ ಅಂತ ಯಾರು ಬರೆಸಿದರು ಅಂದರೆ ಅವ್ವನಿಗೂ ಗೊತ್ತಿಲ್ಲ. "ಬ್ಯಾಂಕಿನವರಿಗೆ ಚೊಲೋ ಅನಿಸಿರಬೇಕು" ಅಂದಳು.

ಕಾಗದವನ್ನು ಅವರು ಇ-ಸ್ಟಾಂಪಿನ ಮೇಲೆ ಹೊಡೆಸಿರಲಿಲ್ಲ. ಮೊದಲು ಬಿಳಿ ಹಾಳೆಯ ಮೇಲೆ ಕಚ್ಚಾ ಪ್ರತಿ. ಇದೊಂದು ನಾನು ಯಾರಿಗಾದರೂ ಹೇಳಿಕೊಡುವ ವಿಷಯ. ತಪ್ಪಿದ್ದರೆ ಹಾಳೆ ಹೋಗುತ್ತದೆ, ಬಾಂಡ್ ಉಳಿಯುತ್ತದೆ. ಅವರ ಹತ್ತಿರ ಇದ್ದ ಕಚ್ಚಾ ಪ್ರತಿ ಬರೆದುಕೊಟ್ಟವನು ನಾನೇ. ಹಿಂದಿನ ದಿನ ವಾಟ್ಸಾಪಿನಲ್ಲಿ ಕಳಿಸಿದ್ದೆ. ಆ ಮರದ ಕೆಳಗಿನವನ ನಮೂನೆಯನ್ನೇ ತಿದ್ದಿ, ವಯಸ್ಸು ಸರಿ ಮಾಡಿ, ಚೆಂದ ಮಾಡಿದ್ದೆ.

ಅವರು ಓದತೊಡಗಿದರು. ಗಟ್ಟಿಯಾಗಿ, ನಿಧಾನವಾಗಿ, ಒಂದೊಂದು ಸಾಲು ಓದಿ ನಿಲ್ಲುತ್ತ. ಕಾಗದದ ಕನ್ನಡ ಓದಿ, ಅದನ್ನೇ ನಮ್ಮ ಕಡೆಯ ಮಾತಿನಲ್ಲಿ ಮತ್ತೆ ಹೇಳುತ್ತ. ಅವ್ವ ಪ್ರತಿ ಸಾಲಿಗೂ "ಹೌದ್ರಿ", "ಹೌದ್ರಿ" ಅನ್ನುತ್ತಿದ್ದಳು, ಪುರಾಣ ಕೇಳುವವರ ಹಾಗೆ. ಹೊಲದ ಸರ್ವೆ ನಂಬರು ಬಂತು. ಹೌದ್ರಿ. ಗಂಡ ತೀರಿಕೊಂಡ ದಿನಾಂಕ ಬಂತು. ಸ್ವಲ್ಪ ತಡೆದು, ಹೌದ್ರಿ. ಆಮೇಲೆ, "ಮೃತರಿಗೆ ಹೆಂಡತಿ ಮತ್ತು ಈ ಕೆಳಗಿನ ಇಬ್ಬರು ಮಕ್ಕಳು ಮಾತ್ರ ವಾರಸುದಾರರು. ಇವರನ್ನು ಬಿಟ್ಟು ಬೇರೆ ಯಾರೂ ಇರುವುದಿಲ್ಲ." ನನ್ನ ಹೆಸರು, ತಮ್ಮನ ಹೆಸರು.

ಅವ್ವ ಹೌದ್ರಿ ಅನ್ನಲಿಲ್ಲ.

"ನನ್ನ ಮಗಳೆಲ್ಲಿ?" ಅಂದಳು.

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಮೇಡಂ ಕಾಗದದಿಂದ ತಲೆ ಎತ್ತಿ ನನ್ನನ್ನು ನೋಡಿದರು. ಅಕ್ಕ ಮುಧೋಳದಲ್ಲಿ ಇದ್ದಾಳೆ. ಮದುವೆಯಾಗಿ ಇಪ್ಪತ್ತು ವರ್ಷ. ಅವಳನ್ನು ಬಿಡಬೇಕು ಅಂತ ನಾನು ಬಿಟ್ಟಿರಲಿಲ್ಲ. ನಮೂನೆಯಲ್ಲಿ ಗಂಡುಮಕ್ಕಳ ಕಾಲಂ ಇತ್ತು, ತುಂಬಿದೆ. ಹೆಣ್ಣುಮಕ್ಕಳ ಕಾಲಂ ಇರಲಿಲ್ಲ, ಇಲ್ಲವಲ್ಲ ಅಂತ ಅನಿಸಲೂ ಇಲ್ಲ. ನಿಮಗೆ ಇದು ನೆಪ ಅನಿಸಬಹುದು. ನನಗೂ ಆಗ ಹಾಗೇ ಅನಿಸಿತು.

"ಎಲ್ಲಾರೂ ಹಿಂಗ ತರ್ತಾರ್ರಿ" ಅಂದರು ಮೇಡಂ, ಸಿಟ್ಟಿಲ್ಲದ ದನಿಯಲ್ಲಿ. "2005ರಿಂದ ಪಿತ್ರಾರ್ಜಿತದಾಗ ಹೆಣ್ಣಮಗಳಿಗೂ ಗಂಡಮಗನಷ್ಟ ಹಕ್ಕು ಐತಿ. ಇದನ್ನ ಹಿಂಗ ಮಾಡಿಸಿದ್ರ ನಾಳೆ ನಿಮ್ಮ ಅಕ್ಕಾರು ಒಂದು ತಕರಾರು ಅರ್ಜಿ ಕೊಟ್ರ ಮುಗೀತು. ಸುಳ್ಳು ಪ್ರಮಾಣ ಮಾಡಿದವರು ಯಾರಾಗ್ತಾರ? ಅವ್ವಾರು." ಅಕ್ಕ ತಕರಾರು ಕೊಡುವವಳಲ್ಲ. ಹಾಗಂತ ಬಾಯಿಗೆ ಬಂತು. ನುಂಗಿಕೊಂಡೆ.

ಅವ್ವ ಮಾತ್ರ ಮೂರೂ ಮಕ್ಕಳ ಹೆಸರನ್ನು ಹುಟ್ಟಿದ ಸಾಲಿನಲ್ಲಿ, ಬೆರಳು ಮಡಚುತ್ತ, ಮೇಡಂಗೆ ಹೇಳಿದಳು. ಅಕ್ಕ ಮೊದಲು.

ತಿದ್ದಿ, ಮತ್ತೆ ಓದಿ, ಆಮೇಲೆ ಇ-ಸ್ಟಾಂಪಿನ ಮೇಲೆ ಹೊಡೆಸಲು ಮುಕ್ಕಾಲು ತಾಸು ಹಿಡಿಯಿತು. ನಡುವೆ ಕರೆಂಟ್ ಹೋಗಿತ್ತು. ಆ ಮುಕ್ಕಾಲು ತಾಸಿನಲ್ಲಿ ಬೆಂಚಿನ ಮೇಲೆ ಕೂತು ನಾನು ನೋಡಿದ್ದು ಬೇರೆಯದೇ ಒಂದು ಲೋಕ. ಒಬ್ಬರು ಮನೆ ಬಾಡಿಗೆ ಕರಾರಿಗೆ ಬಂದಿದ್ದರು, ಹನ್ನೊಂದು ತಿಂಗಳದ್ದು, ಬೇಗ ಮುಗಿಯಿತು. ವರ್ಷ ಮೀರಿದರೆ ನೋಂದಣಿ ಕಚೇರಿಗೆ ಹೋಗಬೇಕು, ಅದಕ್ಕೇ ಎಲ್ಲರದೂ ಹನ್ನೊಂದೇ ತಿಂಗಳು. ಇನ್ನಿಬ್ಬರು ಒಂದು ಪ್ಲಾಟಿನ ಖರೀದಿಯನ್ನೇ ಬಾಂಡ್ ಮೇಲೆ ಬರೆಸಿಕೊಂಡು ಬಂದಿದ್ದರು. ಹಣ ಕೊಟ್ಟಾಗಿದೆ, ಸೀಲು ಒಂದು ಬಾಕಿ. ಮೇಡಂ ಕೈಮುಗಿದರು. ನೂರು ರೂಪಾಯಿ ಇಲ್ಲವೇ ಅದಕ್ಕಿಂತ ಹೆಚ್ಚು ಬೆಲೆಯ ಜಾಗ ಮಾರಾಟವಾಗಬೇಕಾದರೆ ನೋಂದಣಿ ಆಗಲೇಬೇಕು, ನೋಟರಿ ಸೀಲಿಗೆ ಮಾಲೀಕತ್ವ ದಾಟುವುದಿಲ್ಲ, 2011ರಲ್ಲಿ ಸುಪ್ರೀಂ ಕೋರ್ಟೇ ಜಿಪಿಎ ಮಾರಾಟ, ಅಂದರೆ ಬರೀ ಮುಖ್ತಿಯಾರ್ ಪತ್ರದ ಮೇಲಿನ ಮಾರಾಟ, ನಡೆಯುವುದಿಲ್ಲ ಅಂದಿದೆ ಅಂತ ಬಿಡಿಸಿ ಹೇಳಿದರು. ಕೊಂಡವನ ಮುಖ ಬಿಳಚಿತು. ಮಾರಿದವನು ಆಗಲೇ ಬಾಗಿಲ ಹೊರಗೆ ಹೋಗಿ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ.

ಸೋಡಚೀಟಿಗೂ, ಅಂದರೆ ಮದುವೆ ಬಿಡಿಸಿಕೊಳ್ಳುವ ಕಾಗದಕ್ಕೂ, ಒಂದು ಜೋಡಿ ಬಂತು. ಗಂಡ, ಹೆಂಡತಿ, ಎರಡೂ ಕಡೆಯ ಹಿರಿಯರು, ಎಲ್ಲರೂ ಒಪ್ಪಿಯೇ ಬಂದಿದ್ದರು. ಅದಕ್ಕೂ ಆಗುವುದಿಲ್ಲ ಅಂದರು. ಮದುವೆ ಮಾಡಿಸಲಿಕ್ಕೆ, ಬಿಡಿಸಲಿಕ್ಕೆ ನೋಟರಿಗೆ ಅಧಿಕಾರ ಇಲ್ಲ, ಅಂಥ ಕಾಗದ ಮಾಡಬೇಡಿ ಅಂತ ಕೇಂದ್ರ ಕಾನೂನು ಇಲಾಖೆ 2024ರ ಅಕ್ಟೋಬರಿನಲ್ಲಿ ಪತ್ರವನ್ನೇ ಬರೆದಿದೆಯಂತೆ. ಹಿರಿಯರೊಬ್ಬರು, "ಬ್ಯಾರೆ ಕಡೆ ಮಾಡಿ ಕೊಡ್ತಾರಲ್ರಿ" ಅಂದರು. "ಕೊಡ್ತಾರ್ರಿ" ಅಂದರು ಮೇಡಂ. ಅಷ್ಟೇ. ಒಂದು ಶನಿವಾರ ಬೆಳಗ್ಗೆ ಬಂದ ಕೆಲಸದಲ್ಲಿ ಎರಡನ್ನು ಅವರು ವಾಪಸ್ ಕಳಿಸಿದ್ದರು. ಹೊಟ್ಟೆಪಾಡು ಹೇಗೆ ನಡೆಯುತ್ತದೋ ಅಂತ ನನಗೆ ನಿಜಕ್ಕೂ ಯೋಚನೆಯಾಯಿತು.

ಕೊನೆಗೆ ನಮ್ಮ ಸರದಿ. ಅವ್ವನ ಎಡಗೈ ಹೆಬ್ಬೆರಳನ್ನು ಮೇಡಂ ತಾವೇ ಹಿಡಿದು ಮಸಿಯ ಪ್ಯಾಡಿನ ಮೇಲೆ ಉರುಳಿಸಿದರು. ಹೊಲದ ಕೆಲಸದಲ್ಲಿ ಸವೆದ ಬೆರಳು. ರೇಷನ್ ಅಂಗಡಿಯ ಮಷೀನು ಎಷ್ಟೋ ಸಲ ಅದನ್ನು ಒಪ್ಪುವುದಿಲ್ಲ. ಮಸಿ ಒಪ್ಪಿತು. ಪ್ರತಿ ಪುಟದ ಕೆಳಗೆ ಒಂದೊಂದು. ಪಕ್ಕದಲ್ಲಿ, "ಗಂಗಮ್ಮ ಇವರ ಎಡಗೈ ಹೆಬ್ಬೆಟ್ಟಿನ ಗುರುತು" ಅಂತ ಬರೆದರು. ಓದಿ ಹೇಳಿ, ತಿಳಿದುಕೊಂಡ ಮೇಲೆ ಒತ್ತಿದ್ದಾರೆ ಅಂತ ಇನ್ನೊಂದು ಸಾಲು. ಗುರುತಿಸಿದವರು ಅಂತ ಒಬ್ಬ ವಕೀಲರು ಸಹಿ ಹಾಕಿದರು. ಅವರು ನಮ್ಮ ಪಕ್ಕದ ಊರಿನವರೇ, ಅಪ್ಪನನ್ನು ಬಲ್ಲವರು, ನಾನೇ ಕರೆದಿದ್ದೆ. ರಿಜಿಸ್ಟರಿನಲ್ಲಿ ಮತ್ತೊಂದು ಹೆಬ್ಬೆಟ್ಟು. ಆ ರಿಜಿಸ್ಟರಿನ ಕ್ರಮ ಸಂಖ್ಯೆ ಮತ್ತು ತಾರೀಖು ನಮ್ಮ ಕಾಗದದ ಮೇಲೂ ಬಂತು. ಆಮೇಲೆ ಸೀಲು. ಗುಂಡಗೆ, ಸ್ಪಷ್ಟವಾಗಿ, ಬಾಗಲಕೋಟೆ ತಾಲೂಕು ಅಂತ ಓದಲು ಬರುವ ಹಾಗೆ.

ಮೇಡಂ ಹತ್ತಿ ಕೊಡುವಷ್ಟರಲ್ಲಿ ಅವ್ವ ಹೆಬ್ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಾಗಿತ್ತು.

ರಸೀದಿ ಕೇಳದೆಯೇ ಬಂತು. ಟೈಪಿಂಗ್, ಸ್ಟಾಂಪು, ನೋಟರಿ ಎಲ್ಲಾ ಸೇರಿ ಆ ಮರದ ಕೆಳಗೆ ಕೊಟ್ಟಿದ್ದಕ್ಕಿಂತ ಕಡಿಮೆಯೇ ಆಯಿತು. ಹಳೇ ಕಾಗದದ ಮೇಲೆ ಅಡ್ಡಗೆರೆ ಎಳೆದು, ರದ್ದು ಅಂತ ಬರೆಸಿದರು. ಹೊರಗೆ ಬಂದ ಮೇಲೆ ಅವ್ವ ಬೆಂಚಿನ ಮೇಲೆ ಕೂತು ರೊಟ್ಟಿ ಬಿಚ್ಚಿದಳು. ಮೇಡಂಗೂ ಒಂದು ಕೊಟ್ಟು ಬಾ ಅಂದಳು. ಕೊಟ್ಟು ಬಂದೆ. ಶೇಂಗಾ ಚಟ್ನಿ ಇದೆಯಾ ಅಂತ ಕೇಳಿದರು. ಇತ್ತು.

ಅಕ್ಕನಿಗೆ ಫೋನ್ ಮಾಡಿ ಅವಳ ಆಧಾರ್ ಪ್ರತಿ ಕಳಿಸು ಅಂದೆ. ಯಾಕೆ ಅಂತ ಕೇಳಿದಳು. ಹೇಳಿದೆ. "ಹೌದಾ?" ಅಂದಳು, ಒಂದು ಕ್ಷಣ ಬಿಟ್ಟು. ಐದೇ ನಿಮಿಷದಲ್ಲಿ ಎರಡೂ ಬದಿಯ ಫೋಟೋ ಬಂತು.

ತಲಾಟಿ ಈ ಸಲ ಕನ್ನಡಕ ಹಾಕಿಕೊಂಡೇ ಓದಿದರು. ಹೆಬ್ಬೆಟ್ಟು ನೋಡಿ ಒಮ್ಮೆ ನಕ್ಕರು. ಫೈಲಿಗೆ ಹಚ್ಚಿ, "ಮರಣ ದಾಖಲೆ ಅಸಲ ಕೊಡ್ರಿ" ಅಂತ ಮುಂದಿನ ಕೆಲಸಕ್ಕೆ ಹೋದರು.

ಅದಾದ ಮೇಲೆ ಊರಿನಲ್ಲಿ ನನಗೆ ಒಂದು ಹೆಸರು ಬಂದಿದೆ. ನೋಟರಿ ಕೆಲಸ ಇದ್ದರೆ ನನ್ನನ್ನು ಕೇಳುತ್ತಾರೆ. ಶಾಲೆಯಲ್ಲೂ ಈಗ "ಅಫಿಡವಿಟ್ ತರ್ರಿ" ಎಂದು ಸುಮ್ಮನೆ ಕಳಿಸುವುದಿಲ್ಲ. ಯಾರು ಸಹಿ ಮಾಡಬೇಕೋ ಅವರೇ ಹೋಗಿ, ಅಸಲು ಒಯ್ಯಿರಿ, ಸೀಲು ಓದಿ ಬನ್ನಿ ಅಂತ ಹೇಳಿ ಕಳಿಸುತ್ತೇನೆ. ಹೋದ ತಿಂಗಳು ಚಿಕ್ಕಪ್ಪನ ಮಗನಿಗೂ ಮೇಡಂ ಕಚೇರಿಯ ದಾರಿ ಹೇಳಿದ್ದೆ. ಅವರದೂ ವಾರಸಾ ಕೆಲಸವೇ. ಸಂಜೆ ಫೋನ್ ಮಾಡಿದ, ದನಿಯಲ್ಲಿ ಸಿಟ್ಟು.

"ಎಂಥಾ ಕಡೆ ಕಳಿಸಿದ್ಯೋ ಮಾರಾಯ. ಅವ್ವನ್ನ ಕರ್ಕೊಂಡು ಬಾ ಅಂತಾರ, ಅಕ್ಕ ತಂಗೇರು ಎಷ್ಟು ಮಂದಿ ಅಂತ ಕೇಳ್ತಾರ. ಬ್ಯಾರೆ ಯಾರರ ಇದ್ರ ಹೇಳೋ."